ರಿಪೋರ್ಟ್ ಚೆನ್ನಾಗಿದೆ, ರೋಗಿ ಚೆನ್ನಾಗಿಲ್ಲ

ಎಚ್‌ಐವಿ ಚಿಕಿತ್ಸೆಯಲ್ಲಿ ಎಲ್ಲರ ಕಣ್ಣೂ ಒಂದೇ ಅಂಕಿಯ ಮೇಲಿರುತ್ತದೆ. ಅದು ವೈರಲ್ ಲೋಡ್. ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಎನ್ನುವ ಲೆಕ್ಕ. ಅದು 200ಕ್ಕಿಂತ ಕೆಳಗಿಳಿದು ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಇದು ದೊಡ್ಡ ಗೆಲುವು, ಅನುಮಾನವೇ ಇಲ್ಲ. ಆದರೆ ಇದೇ ಅಂಕಿ ಎಷ್ಟೋ ಸಲ ಮಾತನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ. "ಈ ಮಾತ್ರೆ ಶುರು ಮಾಡಿದ ಮೇಲೆ ರಾತ್ರಿ ನಿದ್ದೆಯೇ ಇಲ್ಲ ಡಾಕ್ಟ್ರೇ" ಎಂದು ರೋಗಿ ಹೇಳುತ್ತಾರೆ. "ನಿಮ್ಮ ವೈರಲ್ ಲೋಡ್ ತುಂಬಾ ಚೆನ್ನಾಗಿದೆ, ಯೋಚನೆ ಮಾಡ್ಬೇಡಿ" ಎಂಬ ಉತ್ತರ ಬರುತ್ತದೆ.

ಉತ್ತರ ಸುಳ್ಳಲ್ಲ. ಆದರೆ ರೋಗಿ ಕೇಳಿದ್ದು ನಿದ್ದೆಯ ಬಗ್ಗೆ, ಅಲ್ವಾ? ಅದಕ್ಕೆ ಉತ್ತರ ಸಿಗಲೇ ಇಲ್ಲ. ಎಚ್‌ಐವಿ ಔಷಧಿಗಳ ಇತಿಹಾಸ ನೋಡಿದರೆ, ಹೀಗೆ ಪಕ್ಕಕ್ಕೆ ಸರಿಸಿದ ಮಾತುಗಳೇ ಕೊನೆಗೆ ಔಷಧಿಯ ಡಬ್ಬಿಯ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಎಚ್ಚರಿಕೆಯಾಗಿ ಅಚ್ಚಾಗಿವೆ. ಆದ್ದರಿಂದ ರೋಗಿಯ ದೂರನ್ನು ಸುಮ್ನೆ ಸಮಾಧಾನಕ್ಕೆ ಕೇಳಿಸಿಕೊಂಡರೆ ಸಾಲದು. ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಕೊಡುವ ಬೆಲೆಯನ್ನೇ ಅದಕ್ಕೂ ಕೊಡಬೇಕು.

ಮೊದಲ ಎಚ್‌ಐವಿ ಔಷಧಿ ಎಝಡ್‌ಟಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರಲ್ಲಿ. ಆಗ ದಿನಕ್ಕೆ 1200 ಮಿಲಿಗ್ರಾಂ, ಅದೂ ನಾಲ್ಕು ಗಂಟೆಗೊಮ್ಮೆ. ವಿಪರೀತ ಸುಸ್ತು, ವಾಕರಿಕೆ, ರಕ್ತಹೀನತೆ. ಮೂರು ವರ್ಷದ ನಂತರ ಡೋಸ್ ಅರ್ಧಕ್ಕೆ ಇಳಿಯಿತು, ಅಷ್ಟರಲ್ಲೇ ಕೆಲಸ ನಡೆಯುತ್ತದೆ ಎಂದು ಗೊತ್ತಾಯಿತು. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ವೈದ್ಯರ ಕೈಯಲ್ಲಿ ಇದ್ದದ್ದು ಅದೊಂದೇ ಔಷಧಿ. "ಸಹಿಸಿಕೊಳ್ಳಿ" ಎನ್ನುವ ಮಾತು ಬಂದದ್ದು ಅಲ್ಲಿಂದ. ಪರಿಸ್ಥಿತಿ ಬದಲಾದರೂ ಆ ಮಾತು ಮಾತ್ರ ಕ್ಲಿನಿಕ್ಕುಗಳಿಂದ ಪೂರ್ತಿ ಹೋಗಿಲ್ಲ.

ಮುಂದಿನ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. 1996ರ ಹೊತ್ತಿಗೆ, ವೈರಸ್ ಬೆಳೆಯಲು ಬೇಕಾದ ಪ್ರೋಟಿಯೇಸ್ ಎಂಬ ಕಿಣ್ವವನ್ನು ತಡೆಯುವ ಔಷಧಿಗಳು ಬಂದವು. ಸಾವಿನ ಸಂಖ್ಯೆ ಧುತ್ತೆಂದು ಇಳಿಯಿತು. ಎಲ್ಲೆಡೆ ಸಂಭ್ರಮ. ಅದೇ ಹೊತ್ತಿಗೆ ರೋಗಿಗಳು ಕನ್ನಡಿಯಲ್ಲಿ ಬೇರೇನೋ ನೋಡುತ್ತಿದ್ದರು. ಕೆನ್ನೆ ಗುಳಿ ಬೀಳುತ್ತಿತ್ತು. ಕೈಕಾಲು ಸಣ್ಣಗಾಗಿ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಹೊಟ್ಟೆ ಮಾತ್ರ ಮುಂದೆ ಬರುತ್ತಿತ್ತು, ಕತ್ತಿನ ಹಿಂದೆ ಕೊಬ್ಬಿನ ದಿಬ್ಬ. ಕ್ರಿಕ್ಸಿವಾನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಇದಕ್ಕೆ 'ಕ್ರಿಕ್ಸ್ ಬೆಲ್ಲಿ' ಎಂದು ತಾವೇ ಹೆಸರಿಟ್ಟುಕೊಂಡರು. ವೈದ್ಯಕೀಯ ಪತ್ರಿಕೆಗಳಲ್ಲಿ ಇದಕ್ಕೆ ಒಂದು ಸರಿಯಾದ ವಿವರಣೆ ಬಂದದ್ದು 1998ರಲ್ಲಿ, ಸಿಡ್ನಿಯ ಆಂಡ್ರ್ಯೂ ಕಾರ್, ಡೇವಿಡ್ ಕೂಪರ್ ಮತ್ತವರ ತಂಡದಿಂದ. ಅಂದರೆ ರೋಗಿಗಳ ನಡುವೆ ಹೆಸರು ಹುಟ್ಟಿ ಓಡಾಡಿದ ಮೇಲೆ ವಿಜ್ಞಾನಕ್ಕೆ ಅದು ಕಂಡಿತು.

ಕಂಡ ಮೇಲೂ ಅರ್ಥವಾಗಲು ಹಲವು ವರ್ಷ ಹಿಡಿಯಿತು. ಮೊದಮೊದಲು ಎಲ್ಲ ತಪ್ಪನ್ನೂ ಹೊಸ ಔಷಧಿಗಳ ತಲೆಗೇ ಕಟ್ಟಿದರು. ಆಮೇಲೆ ಗೊತ್ತಾಗಿದ್ದು, ಮುಖ ಮತ್ತು ಕೈಕಾಲಿನ ಕೊಬ್ಬು ಕರಗಲು ಮುಖ್ಯ ಕಾರಣ ಜೊತೆಯಲ್ಲಿ ಕೊಡುತ್ತಿದ್ದ ಹಳೆಯ ಔಷಧಿಗಳು ಎಂದು. ಅದರಲ್ಲೂ ಸ್ಟಾವುಡಿನ್, ಸ್ವಲ್ಪ ಮಟ್ಟಿಗೆ ಎಝಡ್‌ಟಿ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳನ್ನು ಇವು ಹಾಳು ಮಾಡುತ್ತಿದ್ದವು. ಸ್ಟಾವುಡಿನ್ ತೆಗೆದುಕೊಂಡವರಲ್ಲಿ ಅನೇಕರು ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ, ನೆಲದ ಮೇಲೆ ಕಾಲಿಡಲು ಆಗುವುದಿಲ್ಲ ಎನ್ನುತ್ತಿದ್ದರು. ಇದು ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಗೊತ್ತಾಗಬೇಕಾದರೆ ರೋಗಿಯೇ ಹೇಳಬೇಕು. ಶ್ರೀಮಂತ ದೇಶಗಳು ಈ ಔಷಧಿಯನ್ನು ಮೊದಲೇ ಬಿಟ್ಟವು. ಅಗ್ಗದ್ದು ಎಂಬ ಕಾರಣಕ್ಕೆ ಬಡ ದೇಶಗಳಲ್ಲಿ ಅದು ಉಳಿಯಿತು. ಹಂತಹಂತವಾಗಿ ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2009ರಲ್ಲಿ. ಅಷ್ಟರಲ್ಲಿ ನರ ಕೆಟ್ಟ, ಮುಖ ಒಣಗಿದ ಅನೇಕರಿಗೆ ಮೊದಲಿನ ಸ್ಥಿತಿ ಪೂರ್ತಿ ವಾಪಸ್ ಬರಲಿಲ್ಲ.

ಮುಖದ ವಿಷಯವನ್ನು 'ಬರೀ ಅಂದಚಂದದ ಪ್ರಶ್ನೆ' ಎಂದು ತಳ್ಳಿಹಾಕಿದವರೂ ಇದ್ದರು. ಆದರೆ ಆ ಮುಖ ನೋಡಿದವರಿಗೆ ಕಾಯಿಲೆ ಯಾವುದೆಂದು ಗೊತ್ತಾಗುತ್ತಿತ್ತು. ಯಾರಿಗೂ ಹೇಳದೆ ಬದುಕುತ್ತಿದ್ದವರ ಗುಟ್ಟನ್ನು ಔಷಧಿಯೇ ರಟ್ಟು ಮಾಡಿಬಿಡುತ್ತಿತ್ತು. ಅಟಾಜನಾವಿರ್ ಎಂಬ ಔಷಧಿಯಲ್ಲೂ ಇಂಥದೇ ಸಮಸ್ಯೆ. ಕೆಲವರಿಗೆ ಕಣ್ಣು ಹಳದಿಯಾಗುತ್ತದೆ. ಯಕೃತ್ತಿಗೆ ಪೆಟ್ಟಾಗಿಲ್ಲ, ಬಿಲಿರುಬಿನ್ ಎಂಬ ರಕ್ತದ ಹಳದಿ ಅಂಶ ಮಾತ್ರ ಏರಿದೆ, ಅಪಾಯವಿಲ್ಲ ಎಂದು ವೈದ್ಯರು ಹೇಳುತ್ತಾರೆ. ವೈದ್ಯಕೀಯವಾಗಿ ಅದು ನಿಜ. ಆದರೆ ದಿನಾ ಹತ್ತು ಜನ "ಕಣ್ಣು ಯಾಕೆ ಹಾಗಿದೆ?" ಎಂದು ಕೇಳಿದರೆ ಉತ್ತರ ಕೊಡಬೇಕಾದ್ದು ರೋಗಿ. ತೊಂದರೆ ಎಷ್ಟು ದೊಡ್ಡದು ಎಂದು ಅಳೆಯುವಾಗ ಈ ಲೆಕ್ಕವೂ ಸೇರಬೇಕು.

ಇನ್ನು ಎಫಾವಿರೆಂಜ್. 1998ರಲ್ಲಿ ಬಂದು ಮುಂದಿನ ಎರಡು ದಶಕದಲ್ಲಿ ಜಗತ್ತಿನ ಬಹಳಷ್ಟು ರೋಗಿಗಳ ಮೊದಲ ಚಿಕಿತ್ಸೆಯಲ್ಲಿ ಇದ್ದದ್ದು ಇದು. ತಲೆಸುತ್ತು, ವಿಚಿತ್ರ ಕನಸು, ಗಮನ ನಿಲ್ಲದಿರುವುದು, ಮನಸ್ಸು ಕುಗ್ಗುವುದು. ಔಷಧಿಯ ಪ್ರಯೋಗಗಳಲ್ಲೇ ಅರ್ಧಕ್ಕೂ ಹೆಚ್ಚು ಜನರಿಗೆ ಇಂಥ ಏನಾದರೊಂದು ಕಂಡಿತ್ತು. "ಎರಡರಿಂದ ನಾಲ್ಕು ವಾರದಲ್ಲಿ ಹೋಗುತ್ತೆ" ಎನ್ನುವುದು ಎಲ್ಲೆಡೆ ಹೇಳುತ್ತಿದ್ದ ಸಮಾಧಾನ. ಬಹಳಷ್ಟು ಜನರಿಗೆ ಹೋಗುತ್ತಿತ್ತು, ನಿಜ. ಹೋಗದವರ ಗತಿ? ಅವರಿಗೆ ವರ್ಷಗಟ್ಟಲೆ ಅದೇ ಬದುಕಾಯಿತು.

ಇಲ್ಲಿ ಶರೀರದ ಲೆಕ್ಕವೂ ಇದೆ. ಎಫಾವಿರೆಂಜನ್ನು ಒಡೆದು ಹೊರಹಾಕುವುದು ಯಕೃತ್ತಿನ ಸಿವೈಪಿ2ಬಿ6 ಎಂಬ ಕಿಣ್ವ. ಕೆಲವರ ಜೀನ್‌ನಲ್ಲಿ ಸಣ್ಣ ವ್ಯತ್ಯಾಸವಿದ್ದು ಈ ಕಿಣ್ವ ನಿಧಾನ. ಅಂಥವರ ರಕ್ತದಲ್ಲಿ ಔಷಧಿ ಬೇರೆಯವರಿಗಿಂತ ಎಷ್ಟೋ ಜಾಸ್ತಿ ನಿಲ್ಲುತ್ತದೆ. ಒಂದೇ ಮಾತ್ರೆ, ಒಂದೇ ಡೋಸ್. ಒಬ್ಬರಿಗೆ ಏನೂ ಆಗದು, ಇನ್ನೊಬ್ಬರಿಗೆ ಬೆಳಗ್ಗೆ ಎದ್ದು ನೆಟ್ಟಗೆ ನಡೆಯಲೂ ಕಷ್ಟ. ತಿಂಗಳುಗಳ, ವರ್ಷಗಳ ನಂತರವೂ ತೂರಾಡುವ ನಡಿಗೆ, ಮಂಪರು ಕಾಣಿಸಿಕೊಳ್ಳಬಹುದು ಎಂಬ ಎಚ್ಚರಿಕೆ ಆಮೇಲೆ ಸೇರಿತು. ಹಾಗಾಗಿ "ಉಳಿದವರಿಗೆಲ್ಲ ಸರಿಯಾಗಿದೆಯಲ್ಲ, ನಿಮಗೆ ಮಾತ್ರ ಯಾಕೆ?" ಎನ್ನುವ ಪ್ರಶ್ನೆಯನ್ನು ಗದರಿಕೆಯ ದನಿಯಲ್ಲಿ ಕೇಳಬಾರದು. ನಿಜವಾಗಿ ಹುಡುಕಲು ಕೇಳಿದರೆ ಉತ್ತರ ಸಿಗುತ್ತದೆ.

2014ರಲ್ಲಿ ಎರಡು ಮುಖ್ಯ ವರದಿಗಳು ಬಂದವು. ಒಂದು, ನಾಲ್ಕು ಪ್ರಯೋಗಗಳ 5332 ಜನರ ಮಾಹಿತಿಯನ್ನು ಒಟ್ಟು ಹಾಕಿ ನೋಡಿದ್ದು. ಎಫಾವಿರೆಂಜ್ ತೆಗೆದುಕೊಂಡವರಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನದ ಅಪಾಯ ಸುಮಾರು ಎರಡು ಪಟ್ಟು ಇತ್ತು. ಒಟ್ಟಾರೆ ಅಂಥ ಘಟನೆಗಳು ಕಡಿಮೆಯೇ. ಬೇರೆ ಕೆಲವು ಅಧ್ಯಯನಗಳಲ್ಲಿ ಈ ಸಂಬಂಧ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು. ಎರಡನೆಯದು ಎನ್‌ಕೋರ್1 ಪ್ರಯೋಗ. 600 ಮಿಲಿಗ್ರಾಂ ಬದಲು 400 ಕೊಟ್ಟರೂ ವೈರಸ್ ಅಷ್ಟೇ ಚೆನ್ನಾಗಿ ಹತೋಟಿಗೆ ಬರುತ್ತದೆ, ಔಷಧಿಯಿಂದಾಗುವ ತೊಂದರೆ ಕಡಿಮೆ ಎಂದು ಅದು ತೋರಿಸಿತು. ಔಷಧಿ ಬಂದು ಹದಿನಾರು ವರ್ಷ ಆಗಿತ್ತು. ಅಲ್ಲಿಯವರೆಗೆ ಕೋಟ್ಯಂತರ ಮಾತ್ರೆಗಳು ಬೇಕಾದ್ದಕ್ಕಿಂತ ಜಾಸ್ತಿ ತೂಕದವೇ ಆಗಿದ್ದವು ಎಂದಾಯಿತು. ಎಝಡ್‌ಟಿಯ ಕಥೆಯೇ ಮತ್ತೊಮ್ಮೆ ನಡೆದ ಹಾಗೆ.

ಈಗ ಜಗತ್ತಿನ ಬಹುತೇಕ ಕಡೆ ಮೊದಲ ಆಯ್ಕೆ ಡೊಲುಟೆಗ್ರಾವಿರ್. ಒಳ್ಳೆಯ ಔಷಧಿ. ವೈರಸ್ ಬೇಗ ಇಳಿಯುತ್ತದೆ, ವೈರಸ್‌ಗೆ ಈ ಔಷಧಿಯ ವಿರುದ್ಧ ಪ್ರತಿರೋಧ ಸುಲಭಕ್ಕೆ ಹುಟ್ಟುವುದಿಲ್ಲ, ಹೆಚ್ಚಿನವರಿಗೆ ಏನೂ ತೊಂದರೆ ಇಲ್ಲ. ಇಷ್ಟು ಒಳ್ಳೆಯದು ಎನ್ನುವುದೇ ಒಂದು ಸಮಸ್ಯೆ. ಹಳೆಯ ಔಷಧಿಗಳ ಕಾಲ ನೋಡಿದ ವೈದ್ಯರಿಗೆ ಇದರ ಬಗ್ಗೆ ಯಾರಾದರೂ ದೂರಿದರೆ ನಂಬುವುದೇ ಕಷ್ಟ. ಪ್ರಯೋಗಗಳಲ್ಲಿ ನಿದ್ದೆಗೇಡಿನ ಪ್ರಮಾಣ ಕಡಿಮೆ ಇತ್ತು. ಆದರೆ 2017ರಲ್ಲಿ ಪ್ರಕಟವಾದ ಜರ್ಮನಿಯ ಒಂದು ದೊಡ್ಡ ಅವಲೋಕನದಲ್ಲಿ, ನಿದ್ದೆ ಮತ್ತು ಮನಸ್ಸಿನ ತೊಂದರೆಗಳಿಂದ ಒಂದು ವರ್ಷದೊಳಗೆ ಈ ಔಷಧಿ ಬಿಟ್ಟವರು ನೂರಕ್ಕೆ ಐದಾರು ಮಂದಿ. ಮಹಿಳೆಯರಲ್ಲಿ ಮತ್ತು 60 ದಾಟಿದವರಲ್ಲಿ ಈ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಈ ಎರಡೂ ಗುಂಪಿನವರು ಅನುಮತಿಗೆ ಮುಂಚಿನ ಪ್ರಯೋಗಗಳಲ್ಲಿ ಕಡಿಮೆ ಇದ್ದವರು. ಪ್ರಯೋಗದ ಪಟ್ಟಿಯಲ್ಲಿ ಇಲ್ಲ ಎಂದರೆ ಜಗತ್ತಿನಲ್ಲೇ ಇಲ್ಲ ಎಂದಲ್ಲ.

ತೂಕದ ವಿಷಯವೂ ಹಾಗೆಯೇ. ಡೊಲುಟೆಗ್ರಾವಿರ್ ಶುರುವಾದ ಮೇಲೆ ಬಟ್ಟೆ ಬಿಗಿಯಾಗುತ್ತಿದೆ ಎಂದವರಿಗೆ ಸಿಗುತ್ತಿದ್ದ ಉತ್ತರ: "ಕಾಯಿಲೆ ವಾಸಿಯಾಗುತ್ತಿದೆ, ಮೈ ತುಂಬಿಕೊಳ್ಳುತ್ತಿದ್ದೀರಿ" ಅಥವಾ "ತಿನ್ನೋದು ಕಡಿಮೆ ಮಾಡಿ". 2019ರಲ್ಲಿ ದಕ್ಷಿಣ ಆಫ್ರಿಕಾದ 'ಅಡ್ವಾನ್ಸ್' ಎಂಬ ಪ್ರಯೋಗದ ಫಲಿತಾಂಶ ಬಂತು. 48 ವಾರಗಳಲ್ಲಿ ಡೊಲುಟೆಗ್ರಾವಿರ್ ಜೊತೆ ಟೆನೊಫೊವಿರ್ ಎಂಬ ಔಷಧಿಯ ಹೊಸ ರೂಪವಾದ ಟೆನೊಫೊವಿರ್ ಅಲಾಫೆನಮೈಡ್ ತೆಗೆದುಕೊಂಡವರ ತೂಕ ಸರಾಸರಿ 6.4 ಕಿಲೋ ಏರಿತ್ತು. ಹಳೆಯ ಟೆನೊಫೊವಿರ್ ಜೊತೆಯಾದರೆ 3.2 ಕಿಲೋ. ಎಫಾವಿರೆಂಜ್ ಗುಂಪಿನಲ್ಲಿ 1.7. ಮಹಿಳೆಯರಲ್ಲಿ ಏರಿಕೆ ಇನ್ನೂ ಜಾಸ್ತಿ. ಕಾರಣದ ಬಗ್ಗೆ ಚರ್ಚೆ ಮುಗಿದಿಲ್ಲ. ಹೊಸ ಔಷಧಿ ತೂಕ ಏರಿಸುತ್ತದೋ, ಹಳೆಯವು ತೂಕ ಏರದಂತೆ ತಡೆಯುತ್ತಿದ್ದವೋ ಎಂಬ ಪ್ರಶ್ನೆ ಇದೆ. ಕಾರಣ ಏನೇ ಇರಲಿ, ಬಟ್ಟೆ ಬಿಗಿಯಾದದ್ದು ರೋಗಿಯ ಕಲ್ಪನೆ ಆಗಿರಲಿಲ್ಲ.

ಹಾಗಾದರೆ ವೈದ್ಯರು ಕೇಳಿಸಿಕೊಳ್ಳದಿರಲು ಕಾರಣ ಏನು? ಕೆಟ್ಟ ಮನಸ್ಸು ಎಂದು ನನಗೆ ಅನಿಸುವುದಿಲ್ಲ. ಸಮಯ ಇಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ಕಾರಣ. ಅದಕ್ಕಿಂತ ಆಳದ್ದು ಪ್ರಯೋಗಗಳ ಲೆಕ್ಕ ಹಾಕುವ ರೀತಿ. ಅಲ್ಲಿ ಪ್ರತಿ ತೊಂದರೆಗೂ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಡುತ್ತಾರೆ. ಕೆಳಗಿನ ದರ್ಜೆಯವು ಎಷ್ಟೋ ಸಲ ಮುಖ್ಯ ಪಟ್ಟಿಗೇ ಬರುವುದಿಲ್ಲ. ಆದರೆ ದಿನಾ ಎರಡು ಸಲ ಭೇದಿ 48 ವಾರದ ಪ್ರಯೋಗದಲ್ಲಿ ಸಣ್ಣದು, ಇಪ್ಪತ್ತು ವರ್ಷದ ಬದುಕಿನಲ್ಲಿ ಸಣ್ಣದಲ್ಲ. ಬಸ್ಸು ಹತ್ತುವ ಮುಂಚೆ ಶೌಚಾಲಯ ಎಲ್ಲಿದೆ ಎಂದು ನೋಡಬೇಕಾದವರಿಗೆ ಅದು ಯಾವ ದರ್ಜೆಯದು ಎಂದು ಕೇಳಿ ನೋಡಿ.

ವೈದ್ಯರಿಗೆ ಒಂದು ಭಯವೂ ಇದೆ. ಅಡ್ಡಪರಿಣಾಮದ ಮಾತು ಜಾಸ್ತಿ ಆಡಿದರೆ ರೋಗಿ ಮಾತ್ರೆ ಬಿಟ್ಟಾರು ಎಂದು. ನಡೆಯುವುದು ಹೆಚ್ಚಾಗಿ ಇದರ ಉಲ್ಟಾ. ಹೇಳಿದ್ದನ್ನು ಕೇಳಿಸಿಕೊಳ್ಳದಿದ್ದರೆ ರೋಗಿ ಹೇಳುವುದನ್ನು ನಿಲ್ಲಿಸುತ್ತಾರೆ. ಆಮೇಲೆ ತಾವೇ ದಾರಿ ಹುಡುಕಿಕೊಳ್ಳುತ್ತಾರೆ. ವಾರಾಂತ್ಯಕ್ಕೆ ಮಾತ್ರೆ ಬಿಡುವುದು, ಕೆಲಸ ಇದ್ದ ದಿನ ಬಿಡುವುದು. ವೈದ್ಯರ ಮುಂದೆ "ತಪ್ಪದೇ ತಗೋತಿದೀನಿ" ಎಂಬ ಉತ್ತರ. ರಕ್ತದಲ್ಲಿ ಔಷಧಿ ಕಡಿಮೆಯಾದಾಗ ವೈರಸ್ ಬೆಳೆಯುತ್ತದೆ, ಬೆಳೆಯುತ್ತಾ ಆ ಔಷಧಿಗೆ ಬಗ್ಗದ ರೂಪಗಳು ಉಳಿದುಕೊಳ್ಳುತ್ತವೆ. ಕೊನೆಗೆ ವೈದ್ಯರು ಕಾಪಾಡಬೇಕೆಂದಿದ್ದ ಅದೇ ವೈರಲ್ ಲೋಡ್ ಕೈತಪ್ಪುತ್ತದೆ.

ರೋಗಿಯ ಕಡೆಯಿಂದಲೂ ಒಂದು ತಡೆ ಇದೆ. "ಬದುಕಿದ್ದೀನಲ್ಲ, ಇನ್ನೇನು ಕೇಳೋದು" ಎನ್ನುವ ಸಂಕೋಚ. ಜೀವ ಉಳಿಸಿದವರ ಮುಂದೆ ದೂರು ಹೇಳಿದರೆ ಕೃತಘ್ನತೆ ಅನಿಸೀತು ಎಂಬ ಅಳುಕು. ಲೈಂಗಿಕ ಆಸಕ್ತಿ ಕಡಿಮೆಯಾಗಿದೆ ಎಂದೋ, ಮನಸ್ಸು ಸರಿಯಿಲ್ಲ ಎಂದೋ ಹೇಳುವುದು ಇನ್ನೂ ಕಷ್ಟ. ಮೊದಲೇ ಖಿನ್ನತೆ ಇದ್ದವರು, ಮಾದಕ ವಸ್ತು ಬಳಸಿದ್ದವರು, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರು ಹೇಳಿದರೆ ಕಾರಣ ಸಿದ್ಧವಾಗಿಯೇ ಇರುತ್ತದೆ: "ಅದು ಅದರಿಂದ ಇರಬೇಕು ಬಿಡಿ". ಇರಬಹುದು. ಆದರೆ ನೋಡದೆ ಹೇಳುವುದು ತಪ್ಪು.

ಇಲ್ಲಿ ಇನ್ನೊಂದು ಮುಖವನ್ನೂ ಹೇಳಲೇಬೇಕು. ರೋಗಿ ಹೇಳಿದ ಎಲ್ಲ ತೊಂದರೆಗೂ ಔಷಧಿಯೇ ಕಾರಣ ಅಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಮೇಲೆ 2020ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ, ಸ್ಟಾಟಿನ್ ತಡೆಯಲಾಗದೆ ಬಿಟ್ಟವರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧಿಯೇ ಇಲ್ಲದ ಮಾತ್ರೆ ಕೊಟ್ಟರು. ಸ್ಟಾಟಿನ್‌ನಲ್ಲಿ ಕಂಡ ತೊಂದರೆಯ ಸುಮಾರು 90 ಶೇಕಡಾ ಖಾಲಿ ಮಾತ್ರೆಯಲ್ಲೂ ಕಂಡಿತು. ನಿರೀಕ್ಷೆಯೇ ನೋವನ್ನು ಹುಟ್ಟಿಸಬಲ್ಲದು. ನೋವು ಮಾತ್ರ ನಿಜವೇ. ಎಚ್‌ಐವಿ ಇರುವವರಿಗೂ ಥೈರಾಯ್ಡ್ ಇರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ, ಮನೆಯ ಚಿಂತೆ ಇರುತ್ತದೆ. ಹಾಗಾಗಿ ಗಂಭೀರವಾಗಿ ತೆಗೆದುಕೊಳ್ಳುವುದು ಎಂದರೆ ತಕ್ಷಣ ಮಾತ್ರೆ ಬದಲಿಸುವುದಲ್ಲ. ಯಾವಾಗ ಶುರುವಾಯಿತು, ಆಗ ಬೇರೇನು ಬದಲಾಗಿತ್ತು, ಜೊತೆಗೆ ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ವಿಚಾರಿಸುವುದು. ಒಂದು ಪತ್ತೇದಾರಿಯ ಕೆಲಸ.

ಈ ಪತ್ತೇದಾರಿ ಎಷ್ಟು ಮುಖ್ಯ ಎಂದರೆ, ಒಂದು ಉದಾಹರಣೆ ನೋಡಿ. ರಿಟೋನಾವಿರ್ ಎಂಬ ಎಚ್‌ಐವಿ ಔಷಧಿ ತೆಗೆದುಕೊಳ್ಳುವ ಒಬ್ಬರು ಮುಖ ಊದಿ ದುಂಡಗಾಗುತ್ತಿದೆ, ಹೊಟ್ಟೆ ಬರುತ್ತಿದೆ ಎನ್ನುತ್ತಾರೆ. ಎಚ್‌ಐವಿ ಔಷಧಿಯ ಕೊಬ್ಬಿನ ಸಮಸ್ಯೆ ಎಂದು ಬಿಟ್ಟುಬಿಡುವುದು ಸುಲಭ. ಆದರೆ ಅವರು ಆಸ್ತಮಾಕ್ಕೋ ಮೂಗಿನ ಅಲರ್ಜಿಗೋ ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಬಳಸುತ್ತಿದ್ದರೆ? ಆ ಸ್ಟೀರಾಯ್ಡ್ ದೇಹದಿಂದ ಹೊರಹೋಗದಂತೆ ರಿಟೋನಾವಿರ್ ತಡೆಯುತ್ತದೆ. ಮೂಗಿಗೆ ಹೊಡೆದುಕೊಂಡ ಸ್ಪ್ರೇ ದಿನಾ ಸ್ಟೀರಾಯ್ಡ್ ಮಾತ್ರೆ ನುಂಗಿದಷ್ಟೇ ಕೆಲಸ ಮಾಡಿ ಕುಶಿಂಗ್ ಸಿಂಡ್ರೋಮ್, ಅಂದರೆ ಸ್ಟೀರಾಯ್ಡ್ ಜಾಸ್ತಿಯಾಗಿ ಮುಖ, ಹೊಟ್ಟೆ ಊದುವ ಕಾಯಿಲೆ ತರಬಹುದು. ಸ್ಪ್ರೇಯನ್ನು ಔಷಧಿ ಎಂದು ರೋಗಿ ಲೆಕ್ಕಕ್ಕೇ ಇಟ್ಟಿರುವುದಿಲ್ಲ, ವೈದ್ಯರು ಕೇಳಿರುವುದಿಲ್ಲ. ಗೊತ್ತಾದ ಮೇಲೂ ಸ್ಪ್ರೇಯನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಅದಕ್ಕೂ ವೈದ್ಯರೇ ಬೇಕು.

ಕೆಲವು ದೂರುಗಳಿಗೆ ಕಾಯುವ ಸಮಯವೇ ಇಲ್ಲ. ಅಬಾಕಾವಿರ್ ಎಂಬ ಎಚ್‌ಐವಿ ಔಷಧಿ ಶುರು ಮಾಡಿದ ಮೊದಲ ವಾರಗಳಲ್ಲಿ ಜ್ವರ, ಮೈಮೇಲೆ ದದ್ದು, ವಾಂತಿ, ಉಸಿರಾಟದ ತೊಂದರೆ ಒಟ್ಟಿಗೆ ಬಂದರೆ ಅದು ತೀವ್ರ ಅಲರ್ಜಿ ಇರಬಹುದು. ಅಂಥ ಅಲರ್ಜಿ ಆದವರು ಆ ಔಷಧಿಯನ್ನು ಮತ್ತೆಂದೂ ಮುಟ್ಟಬಾರದು, ಎರಡನೇ ಸಲ ಪ್ರಾಣಕ್ಕೇ ಬರಬಹುದು. ಎಚ್‌ಎಲ್‌ಎ-ಬಿ 5701 ಎಂಬ ಜೀನ್ ಇದ್ದವರಿಗೆ ಈ ಅಪಾಯ ಎಂದು ತಿಳಿದು, ಔಷಧಿ ಕೊಡುವ ಮೊದಲೇ ರಕ್ತ ಪರೀಕ್ಷೆ ಮಾಡಿದರೆ ಇದನ್ನು ತಡೆಯಬಹುದು ಎಂದು 2008ರ ಪ್ರಯೋಗವೊಂದು ಸಾಬೀತು ಮಾಡಿತು. ರೋಗಿಯ ದೂರಿನಿಂದ ಶುರುವಾಗಿ ಪರೀಕ್ಷೆಯವರೆಗೆ ಹೋದ ದಾರಿ ಇದು.

ಪರಿಹಾರ ಎಷ್ಟೋ ಸಲ ಚಿಕ್ಕದು. ಡೊಲುಟೆಗ್ರಾವಿರ್‌ನಿಂದ ನಿದ್ದೆ ಕೆಟ್ಟರೆ ರಾತ್ರಿಯ ಬದಲು ಬೆಳಗ್ಗೆ ತೆಗೆದುಕೊಂಡು ನೋಡಬಹುದು. ಎಫಾವಿರೆಂಜನ್ನು ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ, ಖಾಲಿ ಹೊಟ್ಟೆಯಲ್ಲಿ ಮಲಗುವಾಗ ತೆಗೆದುಕೊಂಡರೆ ಕಾಟ ಕಡಿಮೆ. ಇಷ್ಟಕ್ಕೂ ಬಗ್ಗದಿದ್ದರೆ ಬದಲಿಸಲು ಈಗ ಬೇರೆ ಔಷಧಿಗಳಿವೆ. ಎಲ್ಲ ಕಡೆ ಎಲ್ಲವೂ ಸಿಗುವುದಿಲ್ಲ ಎನ್ನುವುದು ನಿಜ. ಸಿಗದಿದ್ದರೆ ಹಾಗೆಂದೇ ಹೇಳಬಹುದು. "ಇದು ಔಷಧಿಯಿಂದಲೇ ಆಗುತ್ತಿದೆ, ಸದ್ಯ ಬದಲಿಸಲು ನನ್ನ ಹತ್ತಿರ ಬೇರೆ ಇಲ್ಲ" ಎನ್ನುವುದಕ್ಕೂ "ನಿಮಗೇನೂ ಆಗಿಲ್ಲ" ಎನ್ನುವುದಕ್ಕೂ ಅಜಗಜಾಂತರ.

ಕೇಳುವ ರೀತಿಯೂ ಮುಖ್ಯ. "ಏನಾದ್ರೂ ತೊಂದರೆ?" ಎಂದರೆ "ಇಲ್ಲ" ಎಂಬ ಉತ್ತರ ಗ್ಯಾರಂಟಿ. ಅಮೆರಿಕದ ಸಂಶೋಧಕರು 2001ರಲ್ಲಿ ಎಚ್‌ಐವಿ ಇರುವವರಿಗಾಗಿಯೇ 20 ಲಕ್ಷಣಗಳ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಕಳೆದ ನಾಲ್ಕು ವಾರದಲ್ಲಿ ಇದು ಇತ್ತೇ, ಇದ್ದರೆ ಎಷ್ಟು ಕಾಡಿತು ಎಂದು ಅದು ಕೇಳುತ್ತದೆ. ಕಾಯುವ ಕೋಣೆಯಲ್ಲಿ ಕೂತು ತುಂಬಬಹುದು. ಇಂಥದ್ದರಿಂದ ಏನು ಪ್ರಯೋಜನ ಎನ್ನುವವರಿಗೆ ಕ್ಯಾನ್ಸರ್ ವಿಭಾಗದ ಒಂದು ಪ್ರಯೋಗ ಉತ್ತರ ಕೊಡುತ್ತದೆ. ನ್ಯೂಯಾರ್ಕ್‌ನಲ್ಲಿ 766 ರೋಗಿಗಳ ಮೇಲೆ ನಡೆದ ಆ ಪ್ರಯೋಗದಲ್ಲಿ, ತಮ್ಮ ತೊಂದರೆಗಳನ್ನು ಕಂಪ್ಯೂಟರ್ ಮೂಲಕ ನಿಯಮಿತವಾಗಿ ತಿಳಿಸುತ್ತಿದ್ದವರು ಉಳಿದವರಿಗಿಂತ ಸುಮಾರು ಐದು ತಿಂಗಳು ಹೆಚ್ಚು ಬದುಕಿದರು. ಹೊಸ ಔಷಧಿ ಏನೂ ಕೊಟ್ಟಿರಲಿಲ್ಲ. ಹೇಳಿದ್ದು ನರ್ಸ್‌ಗಳಿಗೆ ಬೇಗ ತಲುಪುತ್ತಿತ್ತು, ಅಷ್ಟೇ.

ಕೇಳಿಸಿಕೊಂಡದ್ದು ಕ್ಲಿನಿಕ್ಕಿನ ಗೋಡೆ ದಾಟಬೇಕು ಎನ್ನುವುದು ಬೇರೆ ವಿಷಯ. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ವ್ಯವಸ್ಥೆ ಬಹಳ ದೇಶಗಳಲ್ಲಿದೆ. ಆದರೆ 2006ರ ಒಂದು ದೊಡ್ಡ ಪರಿಶೀಲನೆಯ ಪ್ರಕಾರ ಸುಮಾರು 94 ಶೇಕಡಾ ಅಡ್ಡಪರಿಣಾಮಗಳು ಅಲ್ಲಿಗೆ ತಲುಪುವುದೇ ಇಲ್ಲ. ಬ್ರಿಟನ್‌ನಲ್ಲಿ 2005ರಿಂದ, ಯುರೋಪಿಯನ್ ಒಕ್ಕೂಟದಲ್ಲಿ 2012ರಿಂದ ರೋಗಿಗಳೇ ನೇರವಾಗಿ ವರದಿ ಮಾಡಬಹುದು.

ಕೇಳುವುದು ಎಂದರೆ ಅಪಾಯದ ಸುದ್ದಿ ಬಂದ ಕೂಡಲೇ ರೋಗಿಯ ಪರವಾಗಿ ತಾವೇ ನಿರ್ಧರಿಸುವುದೂ ಅಲ್ಲ. 2018ರ ಮೇನಲ್ಲಿ ಬೋಟ್ಸ್ವಾನಾದಿಂದ ಒಂದು ಸುದ್ದಿ ಬಂತು. ಗರ್ಭ ಧರಿಸುವಾಗ ಡೊಲುಟೆಗ್ರಾವಿರ್ ತೆಗೆದುಕೊಳ್ಳುತ್ತಿದ್ದ 426 ಮಹಿಳೆಯರ ಪೈಕಿ ನಾಲ್ವರ ಶಿಶುಗಳಲ್ಲಿ ಮೆದುಳು-ಬೆನ್ನುಹುರಿಯ ದೋಷ ಕಂಡಿತ್ತು. ಹಲವು ದೇಶಗಳು ಹೆರುವ ವಯಸ್ಸಿನ ಮಹಿಳೆಯರಿಗೆ ಈ ಔಷಧಿಯನ್ನು ತಡೆಹಿಡಿದವು. ಎರಡೇ ತಿಂಗಳಲ್ಲಿ ಆಫ್ರಿಕಾದ ಬೇರೆ ಬೇರೆ ದೇಶಗಳ ಎಚ್‌ಐವಿ ಇರುವ ಮಹಿಳೆಯರು ರುವಾಂಡಾದ ಕಿಗಾಲಿಯಲ್ಲಿ ಸೇರಿದರು. ಅಪಾಯ ಏನೆಂದು ಹೇಳಿ, ಗರ್ಭನಿರೋಧಕ ಒದಗಿಸಿ, ಆಯ್ಕೆಯನ್ನು ನಮಗೆ ಬಿಡಿ ಎಂದರು. ಹೆಚ್ಚು ಮಾಹಿತಿ ಬಂದಂತೆ ಆ ಅಪಾಯ ಇಳಿಯುತ್ತಾ ಹೋಗಿ, ಕೊನೆಗೆ ಬೇರೆ ಔಷಧಿಗಳಿಗೂ ಇದಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಅಷ್ಟರಲ್ಲಿ ಅನೇಕರು ಎಫಾವಿರೆಂಜ್‌ನ ಮಂಪರಿನಲ್ಲೇ ಇನ್ನಷ್ಟು ಕಾಲ ಕಳೆದಿದ್ದರು.

ಮುಂದೆ ಈ ಪ್ರಶ್ನೆ ಇನ್ನೂ ಬಿಗಿಯಾಗಲಿದೆ. ಚಿಕಿತ್ಸೆ ಮಾತ್ರೆಯಿಂದ ಇಂಜೆಕ್ಷನ್‌ಗೆ ಸರಿಯುತ್ತಿದೆ. ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಜೋಡಿಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಾಪಾವಿರ್‌ಗೆ 2022ರಲ್ಲಿ. ದಿನಾ ಮಾತ್ರೆ ನುಂಗುವ, ಡಬ್ಬಿ ಬಚ್ಚಿಡುವ ಕಷ್ಟ ತಪ್ಪುತ್ತದೆ, ಅನೇಕರು ಖುಷಿಯಾಗಿದ್ದಾರೆ. ಆದರೆ ಮಾತ್ರೆಯಿಂದ ತೊಂದರೆಯಾದರೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಅದು ದೇಹದಿಂದ ಹೋಗುತ್ತದೆ. ಕ್ಯಾಬೊಟೆಗ್ರಾವಿರ್-ರಿಲ್ಪಿವಿರಿನ್ ಅಂಶ ಒಂದು ವರ್ಷವೋ ಅದಕ್ಕಿಂತ ಜಾಸ್ತಿಯೋ ಉಳಿಯಬಹುದು. ಮೊದಲು ಇಂಜೆಕ್ಷನ್‌ಗೆ ಮುಂಚೆ ಸುಮಾರು ಒಂದು ತಿಂಗಳು ಅದೇ ಔಷಧಿಯ ಮಾತ್ರೆ ಕೊಟ್ಟು ನೋಡುವುದು ಕಡ್ಡಾಯವಾಗಿತ್ತು. 2022ರಿಂದ ಅದು ಐಚ್ಛಿಕ. ಈಗಲೂ ಮೊದಲು ಒಂದು ತಿಂಗಳು ಮಾತ್ರೆ ಕೊಟ್ಟು ನೋಡುವ ವೈದ್ಯರು ಅದರ ಕೊನೆಯಲ್ಲಿ ಲ್ಯಾಬ್ ರಿಪೋರ್ಟ್ ಜೊತೆಗೆ ನಿದ್ದೆ, ಮನಸ್ಸು, ಹೊಟ್ಟೆ ಹೇಗಿದೆ ಎಂದೂ ಕೇಳಬೇಕು. ಸೂಜಿ ಚುಚ್ಚಿದ ಮೇಲೆ ಕೇಳಿದರೆ, ಉತ್ತರ ಏನೇ ಬಂದರೂ ಆ ಡೋಸನ್ನು ಹೊರತೆಗೆಯಲು ಬರುವುದಿಲ್ಲ.